ಇನ್ನೂರು ನಿಮಿಷಗಳ ಲೆಕ್ಕ



ಶಾಲೆ-ಕಾಲೇಜುಗಳ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಸಾಮಾನ್ಯವಾಗಿ ತಲಾ 10 ನಿಮಿಷಗಳ 4 ಅವಧಿಗಳಿರುತ್ತವೆ. ತಂಡದಲ್ಲಿ 12 ಮಂದಿ ಇದ್ದರೂ ಒಮ್ಮೆಗೆ ಆಡುವವರು ಐವರೇ. ಹೀಗೆ ತರಬೇತುದಾರರಿಗೆ ಹಂಚಲು ಸಿಗುವುದು ಒಟ್ಟು 200 ನಿಮಿಷ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಹೊರಬಂದವನು ಮತ್ತೆ ಒಳಗೆ ಹೋಗಬಹುದು. ಈ 200 ನಿಮಿಷಗಳನ್ನು ಅವರು ಹೇಗೆ ಹಂಚುತ್ತಾರೆ ಎಂಬುದರ ಮೇಲೆ ಮಕ್ಕಳು ಬೆಳೆಯುವುದೋ ಬಾಡುವುದೋ ನಿಂತಿದೆ.

ಸೆಮಿನರಿಯಲ್ಲಿದ್ದಾಗ ನಾನು ನಮ್ಮ ತಂಡದ ಏಳನೆಯ ಆಟಗಾರ. ಆಗ ನಮಗೆ ಆಟ ಕಲಿಸುತ್ತಿದ್ದವರದು ಒಂದೇ ಪದ್ಧತಿ: ಚೆಂಡು ಕೈತಪ್ಪಿತೋ, ಕೂಡಲೇ ಹೊರಗೆ ಕರೆ. ಹಾಗಾಗಿ ಅಂಗಣಕ್ಕಿಳಿದರೆ ನನ್ನ ಕಣ್ಣು ಚೆಂಡಿಗಿಂತ ಹೆಚ್ಚಾಗಿ ಅವರ ಕೈಯ ಮೇಲೇ ಇರುತ್ತಿತ್ತು. ಬುಟ್ಟಿ ಎದುರಿಗೇ ಇದ್ದರೂ ಎಸೆಯಲು ಧೈರ್ಯವಾಗದೆ ಇನ್ನೊಬ್ಬನಿಗೆ ಪಾಸ್ ಕೊಡುತ್ತಿದ್ದೆ. ಆಟ ಬಿಟ್ಟುಬಿಡೋಣ ಎಂದೂ ಅನ್ನಿಸಿತ್ತು.

ಮರುವರ್ಷ ಬಂದ ಬ್ರದರ್ ಪಂದ್ಯಕ್ಕೆ ಮೊದಲೇ ಹೇಳಿದರು: “ಎರಡನೆಯ ಅವಧಿಯ ಮೊದಲ ಐದು ನಿಮಿಷ ನಿನ್ನದು. ತಪ್ಪಾದರೂ ಕರೆಯುವುದಿಲ್ಲ, ಆಡು.” ಅಂದು ನನ್ನ ಮೊದಲ ಎರಡು ಎಸೆತಗಳು ತಪ್ಪಿದವು. ಅವರು ಕರೆಯಲಿಲ್ಲ. ಮೂರನೆಯದು ಬಿತ್ತು. ಹೊರಗೆ ಕರೆದ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು, ಎದುರಾಳಿ ಯಾವ ಕಡೆ ತಿರುಗುತ್ತಾನೆಂದು ತೋರಿಸಿಕೊಟ್ಟರು. ಶಿಕ್ಷೆಯಂತಿದ್ದ ಬೆಂಚು ಅಂದಿನಿಂದ ನನಗೆ ಪಾಠದ ಜಾಗವಾಯಿತು.

“ಎಲ್ಲರನ್ನೂ ಆಡಿಸಿದರೆ ಗೆಲ್ಲುವುದು ಹೇಗೆ, ಫಾದರ್?” ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡವನ್ನು ನೋಡಿ. 1996ರಿಂದ 2025ರವರೆಗೆ ಅದರ ಮುಖ್ಯ ತರಬೇತುದಾರರಾಗಿದ್ದ ಗ್ರೆಗ್ ಪೊಪೊವಿಚ್ ಮೃದು ಸ್ವಭಾವದವರೇನಲ್ಲ. ಎಲ್ಲರ ಎದುರೇ ಆಟಗಾರರನ್ನು ಗದರಿಸುತ್ತಿದ್ದವರು. ಆದರೂ 2013-14ರ ಲೀಗ್ ಹಂತದಲ್ಲಿ, 48 ನಿಮಿಷಗಳ ಪಂದ್ಯಗಳಲ್ಲಿ, ಅವರ ತಂಡದ ಯಾವೊಬ್ಬ ಆಟಗಾರನ ಸರಾಸರಿಯೂ 30 ನಿಮಿಷ ಮುಟ್ಟಲಿಲ್ಲ. ಆ ವರ್ಷ ಸ್ಪರ್ಸ್ 62 ಪಂದ್ಯ ಗೆದ್ದು, ಫೈನಲ್ ಸರಣಿಯಲ್ಲಿ ಮಯಾಮಿಯನ್ನು 4-1ರಿಂದ ಸೋಲಿಸಿತು. ಕೊನೆಯ ಪಂದ್ಯದಲ್ಲಿ ಬೆಂಚಿನಿಂದ ಎದ್ದುಬಂದ ಪ್ಯಾಟಿ ಮಿಲ್ಸ್ 17 ಅಂಕ ಗಳಿಸಿದರು. ಫೈನಲ್‌ನ ಶ್ರೇಷ್ಠ ಆಟಗಾರನೆನಿಸಿದ್ದು ಹಿರಿಯ ತಾರೆಯರಲ್ಲ, 22 ವರ್ಷದ ಕವಾಯ್ ಲೆನಾರ್ಡ್. ವರ್ಷವಿಡೀ ಅವಕಾಶ ಸಿಕ್ಕಿದ್ದವರು ದೊಡ್ಡ ದಿನ ಬಂದಾಗ ಅಂಜಲಿಲ್ಲ.

ದಣಿದವನನ್ನು ಹೊರಗೆ ಕರೆಯಲೇಬೇಕು, ಫೌಲ್ ಹೆಚ್ಚಾದವನನ್ನು ಕೊನೆಗೆಂದು ಉಳಿಸಿಕೊಳ್ಳಬೇಕು, ನಿಜ. ಆದರೆ ತಂಡ 30 ಅಂಕ ಮುಂದಿರುವಾಗ ಕೊನೆಯ ಎರಡು ನಿಮಿಷ ಎಳೆಯರಿಗೆ ಕೊಟ್ಟರೆ ಅವರು ಕಲಿಯುವುದು ಕಡಿಮೆ. ಪಂದ್ಯ ಯಾರ ಪಾಲಾಗುವುದೋ ತಿಳಿಯದ ಹೊತ್ತಿನಲ್ಲಿ ಸಿಕ್ಕ ಮೂರೇ ನಿಮಿಷ ಅದಕ್ಕಿಂತ ಹೆಚ್ಚು ಕಲಿಸುತ್ತದೆ. ಎಲ್ಲಾ ನಿಮಿಷ ತಾನೇ ಆಡುವ ಹುಡುಗನಿಗೂ ಇದರಿಂದ ನಷ್ಟವಿದೆ. ಅವನು ಕೊನೆಯ ಹೊತ್ತಿಗೆ ಸೋತುಹೋಗಿರುತ್ತಾನೆ, ಜೊತೆಗಾರರನ್ನು ನಂಬಲು ಕಲಿತಿರುವುದಿಲ್ಲ.

ತಂದೆತಾಯಿಯರೇ, ಮಗುವನ್ನು ಯಾಕೆ ಆಡಿಸಲಿಲ್ಲವೆಂದು ತರಬೇತುದಾರರೊಡನೆ ಜಗಳಕ್ಕಿಳಿಯಬೇಡಿ. “ಮುಂದಿನ ಪಂದ್ಯದೊಳಗೆ ಇವನು ಏನು ಕಲಿಯಬೇಕು?” ಎಂದು ಕೇಳಿ. ಮನೆಗೆ ಬಂದ ಮಗುವಿನ ಬಳಿ ಅಂಕದ ಮಾತು ಎತ್ತುವ ಮೊದಲು, ಬೆಂಚಿನಲ್ಲಿ ಕುಳಿತು ಏನು ನೋಡಿದೆ ಎಂದು ವಿಚಾರಿಸಿ. ಅದು ತಲೆ ತಗ್ಗಿಸಿ ಸುಮ್ಮನಾದರೆ, ಆಟ ಬಿಡುವ ಮುನ್ನವೇ ತರಬೇತುದಾರರೊಡನೆ ಕುಳಿತು ಮಾತಾಡಿ.