ಗುಣವು ಎಲ್ಲಿರತಕ್ಕದ್ದು?

ಮುಪ್ಪಿನಲ್ಲಿ ಹೊಸ ವಿದ್ಯೆಯನ್ನು ಕಲಿಯಹೊರಟವನು ನಗೆಗೀಡಾಗುವುದು ಸಹಜವೇ. ನಾನಾದರೋ ನಗೆಗೀಡಾದುದು ಮಾತ್ರವಲ್ಲದೆ, ಒಂದು ಅನ್ಯಾಯಕ್ಕೂ ಕಾರಣನಾದೆನು. ಅದನ್ನು ಮುಚ್ಚಿಡದೆ ವಾಚಕರ ಮುಂದಿಡುವುದು ಲೇಸೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ ನಮ್ಮ ಬೀದಿಯ ಸಣ್ಣ ಪುಸ್ತಕಭಂಡಾರದ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತು. ಯಾವ ಪುಸ್ತಕವು ಯಾರ ಬಳಿ ಇದೆಯೆಂಬುದನ್ನು ಖಾತೆಯಲ್ಲಿ ಬರೆದು ಬರೆದು ಬೇಸತ್ತು, ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಲು ಮನಸ್ಸು ಮಾಡಿದೆನು. ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ನನಗೆ ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ಹೇಳಿಕೊಟ್ಟಳು. ಬ್ರೆಂಡನ್ ಐಕ್ ಎಂಬವರು ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದಾಗ 1995ರಲ್ಲಿ ಜಾಲಪುಟಗಳಿಗಾಗಿ ರಚಿಸಿದ ಭಾಷೆಯಿದು. ಇದರಲ್ಲಿ ನಾವು ಕೊಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮೊದಲ ಪಾಠದಲ್ಲಿಯೇ ಕ್ಲಾಸ್ ಮತ್ತು ಆಬ್ಜೆಕ್ಟ್ ಎಂಬ ಎರಡು ಶಬ್ದಗಳು ಬಂದವು. ಪಾಠಶಾಲೆಯಲ್ಲಿ ತರ್ಕವನ್ನು ಓದಿದವನಿಗೆ ಇವು ಅಪರಿಚಿತವಾಗಿ ತೋರಲಿಲ್ಲ. ಘಟತ್ವವು ಒಂದೇ, ಘಟಗಳು ಅನೇಕ. ಘಟದಲ್ಲಿ ನೀರು ತುಂಬಬಹುದು, ಘಟತ್ವದಲ್ಲಿ ತುಂಬಲಾಗದು. ಹಾಗೆಯೇ ಕ್ಲಾಸ್ ಎಂಬುದು ಇಂಥ ವಸ್ತು ಹೀಗಿರಬೇಕೆಂದು ಹೇಳುವ ಲಕ್ಷಣ. 'ನ್ಯೂ' ಎಂದು ಕರೆದೊಡನೆ ಆ ಲಕ್ಷಣವುಳ್ಳ ವ್ಯಕ್ತಿಯೊಂದು ಹುಟ್ಟುವುದು, ಅದೇ ಆಬ್ಜೆಕ್ಟ್. ಹುಟ್ಟುವಾಗ ಅದಕ್ಕೆ ನಡೆಯತಕ್ಕ ಸಂಸ್ಕಾರವೇ ಕನ್‌ಸ್ಟ್ರಕ್ಟರ್. ಅದರ ಗುಣಗಳಿಗೆ ಪ್ರಾಪರ್ಟಿಯೆಂದೂ ಕ್ರಿಯೆಗಳಿಗೆ ಮೆಥಡ್ ಎಂದೂ ಹೆಸರು. 'ದಿಸ್' ಎಂಬುದು ನಮ್ಮ 'ನಾನು' ಎಂಬ ಸರ್ವನಾಮದಂತೆ; ಯಾವ ವ್ಯಕ್ತಿಯ ಮೂಲಕ ಮೆಥಡನ್ನು ಕರೆದೆವೋ ಆ ವ್ಯಕ್ತಿಯನ್ನೇ ಅದು ಹೇಳುವುದು.

ಆದರೆ ಈ ಭಾಷೆಗೆ ತನ್ನದೇ ಆದ ಒಂದು ಕ್ರಮವುಂಟು. ಕ್ಲಾಸ್ ಎಂದು ಬರೆಯುವ ಪದ್ಧತಿ ಇದಕ್ಕೆ ಬಂದುದು 2015ರಲ್ಲಿ. ಒಳಗೆ ನಡೆಯುವುದು ಹಳೆಯ ವ್ಯವಸ್ಥೆಯೇ. ಪ್ರತಿಯೊಂದು ಆಬ್ಜೆಕ್ಟಿನ ಹಿಂದೆ ಸಾಮಾನ್ಯವಾಗಿ ಪ್ರೋಟೋಟೈಪ್ ಎಂಬ ಮೂಲಪುರುಷನೊಬ್ಬನಿರುವನು. ಕೇಳಿದ ಗುಣವು ತನ್ನಲ್ಲಿದ್ದರೆ ಆಬ್ಜೆಕ್ಟು ತಾನೇ ಕೊಡುವುದು. ಇಲ್ಲದಿದ್ದರೆ ಮೂಲಪುರುಷನಲ್ಲಿ, ಅಲ್ಲಿಯೂ ಇಲ್ಲದಿದ್ದರೆ ಅವನ ಮೂಲಪುರುಷನಲ್ಲಿ ಹುಡುಕಲಾಗುವುದು. ವಂಶಾವಳಿ ಮುಗಿದರೂ ಸಿಕ್ಕದಿದ್ದರೆ 'ಅನ್‌ಡಿಫೈನ್ಡ್' ಎಂಬ ಉತ್ತರ ಬರುವುದು.

ಇಷ್ಟು ತಿಳಿದ ಮಾತ್ರಕ್ಕೆ ಪಂಡಿತನಾದೆನೆಂದು ಭಾವಿಸಿ, 'ಓದುಗ' ಎಂಬ ಕ್ಲಾಸನ್ನು ನಾನೇ ಬರೆದೆನು. ಹೆಸರನ್ನು ಕನ್‌ಸ್ಟ್ರಕ್ಟರಿನಲ್ಲಿ ಇಟ್ಟೆನು. 'ಪುಸ್ತಕಗಳು' ಎಂಬ ಬರಿದಾದ ಪಟ್ಟಿಯನ್ನು ಮಾತ್ರ, ಎಲ್ಲರಿಗೂ ಬೇಕಾದುದಲ್ಲವೆ ಎಂದು, ಪ್ರೋಟೋಟೈಪಿನಲ್ಲಿ ಇಟ್ಟುಬಿಟ್ಟೆನು. ಒಬ್ಬ ಓದುಗನನ್ನು ಸೃಷ್ಟಿಸಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿಯೇ ಕಂಡಿತು.

ಅದನ್ನು ಬಳಕೆಗೆ ತಂದ ಮೊದಲ ದಿನ ಸಂಜೆ ಒಂದು ನಿಘಂಟು ಬೀರುವಿನಲ್ಲಿ ಕಾಣಲಿಲ್ಲ. ಬೆಳಗಿನ ಹೊತ್ತು ನನ್ನ ಸ್ಥಾನದಲ್ಲಿ ಬೇರೊಬ್ಬರು ಕುಳಿತಿದ್ದರು. ಹಿಂದೊಮ್ಮೆ ಪುಸ್ತಕದ ರಟ್ಟು ಹರಿದು ತಂದಿದ್ದ ಹುಡುಗನೊಬ್ಬನ ನೆನಪು ನನಗೆ ಬಂದಿತು. ಅವನ ಲೆಕ್ಕವೊಂದನ್ನೇ ತೆರೆದು ನೋಡಿದೆನು. ಆ ನಿಘಂಟಿನ ಹೆಸರು ಅಲ್ಲಿದ್ದಿತು! ಹುಡುಗನನ್ನು ಕರೆಸಿ ಕೇಳಿದೆನು.

"ನಾನು ಕಥೆ ಪುಸ್ತಕ ಒಂದೇ ತಗೊಂಡಿದ್ದು, ಮೇಷ್ಟ್ರೇ."

"ಕಂಪ್ಯೂಟರು ಸುಳ್ಳು ಹೇಳುತ್ತದೇನೋ?"

ಹುಡುಗನು ಮರುಮಾತಾಡಲಿಲ್ಲ. ತನ್ನ ಕಥೆಯ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಟುಹೋದನು.

ಮರುದಿನ ಬೆಳಿಗ್ಗೆ ನೆರೆಯ ಪಿಂಚಣಿದಾರರೊಬ್ಬರು ನಿಘಂಟನ್ನು ಹಿಂದಿರುಗಿಸಿದರು. ಗಾಬರಿಗೊಂಡು ಉಳಿದವರ ಲೆಕ್ಕಗಳನ್ನು ತೆರೆದೆನು. ಪ್ರತಿಯೊಬ್ಬರ ಹೆಸರಿನಲ್ಲಿಯೂ ಎಲ್ಲರ ಪುಸ್ತಕಗಳೂ ಇದ್ದುವು! ಮೊಮ್ಮಗಳು ಕ್ಷಣಮಾತ್ರದಲ್ಲಿ ದೋಷವನ್ನು ಕಂಡುಹಿಡಿದಳು. "ತಾತ, ಎಲ್ಲರಿಗೂ ಸೇರಿ ಒಂದೇ ಪಟ್ಟಿ ಇಟ್ಟಿದ್ದೀರಲ್ಲಾ!" ಎಂದಳು. 'ದಿಸ್' ಮೂಲಕ ಹೆಸರನ್ನು ಕೊಟ್ಟಾಗ ಅದು ಆಯಾ ಆಬ್ಜೆಕ್ಟಿನಲ್ಲಿಯೇ ನೆಲೆಸುವುದು. ಪಟ್ಟಿಗೆ ಪುಸ್ತಕವನ್ನು ಸೇರಿಸುವಾಗಲಾದರೋ ಹೊಸ ಪಟ್ಟಿ ಹುಟ್ಟುವುದಿಲ್ಲ. ಓದುಗನಲ್ಲಿ ಪಟ್ಟಿ ಇಲ್ಲದ ಕಾರಣ ಮೂಲಪುರುಷನ ಪಟ್ಟಿಯೇ ಸಿಕ್ಕಿ, ಅದಕ್ಕೇ ಪುಸ್ತಕವು ಸೇರುವುದು. ಮನೆಯ ಬಾವಿ ಒಂದೇ ಇರಬಹುದು, ಉಣ್ಣುವ ಎಲೆ ಬೇರೆ ಬೇರೆ ಇರಬೇಡವೆ? ಪುಸ್ತಕವನ್ನು ಕೊಡುವ ಮೆಥಡ್ ಎಲ್ಲರಿಗೂ ಸಮಾನವಾಗಿ ಪ್ರೋಟೋಟೈಪಿನಲ್ಲಿರುವುದು ಯುಕ್ತ. ಪಡೆದ ಪುಸ್ತಕಗಳ ಪಟ್ಟಿ ಕನ್‌ಸ್ಟ್ರಕ್ಟರಿನಲ್ಲಿ ಪ್ರತಿಯೊಬ್ಬನಿಗೂ ಹೊಸದಾಗಿ ಹುಟ್ಟಬೇಕು. ಒಂದು ಸಾಲನ್ನು ಅಲ್ಲಿಂದ ಇಲ್ಲಿಗೆ ತಂದೊಡನೆ ಎಲ್ಲವೂ ಸರಿಯಾಯಿತು.

ನನಗೆ ನಾಚಿಕೆಯಾದುದು ಹೊಸ ವಿದ್ಯೆ ತಿಳಿಯದುದಕ್ಕಲ್ಲ, ಹಳೆಯದನ್ನು ಮರೆತುದಕ್ಕೆ. ಈ ಘಟದ ನೀಲರೂಪ ಬೇರೆ, ಆ ಘಟದ ನೀಲರೂಪ ಬೇರೆ. ಗುಣವು ಆಯಾ ದ್ರವ್ಯದಲ್ಲಿರುವುದೇ ಹೊರತು ಸಾಮಾನ್ಯದಲ್ಲಿ ಅಲ್ಲ. ಈ ಪಾಠವನ್ನು ನಾನು ಎಷ್ಟು ಮಕ್ಕಳಿಗೆ ಹೇಳಿರಲಿಲ್ಲ! ಅಲ್ಲದೆ, ತಪ್ಪು ಬರಿಯ ಆ ಒಂದು ಸಾಲಿನದೇ? ಇನ್ನೊಬ್ಬರ ಲೆಕ್ಕವನ್ನು ತೆರೆದು ನೋಡಿದ್ದರೂ ದೋಷವು ಆಗಲೇ ತಿಳಿಯುತ್ತಿದ್ದಿತು. ರಟ್ಟು ಹರಿದು ತರುವ ಹುಡುಗರೆಲ್ಲ ಇಂಥವರೆಂಬ ಸಾಮಾನ್ಯವೊಂದನ್ನು ನನ್ನ ಮನಸ್ಸೇ ಕಲ್ಪಿಸಿ, ಅದರ ದೋಷವನ್ನು ಈ ಒಬ್ಬನ ಮೇಲೆ ಹೊರಿಸಿದ್ದಿತು.

ಅಂದು ಸಂಜೆ ಅವನ ಮನೆಗೆ ಹೋಗಿ, ತಂದೆತಾಯಿಗಳ ಎದುರಿನಲ್ಲಿಯೇ ತಪ್ಪನ್ನು ಒಪ್ಪಿಕೊಂಡೆನು. ಅವರು, "ಹೋಗಲಿ ಬಿಡಿ, ಮೇಷ್ಟ್ರೇ" ಎಂದರು. ಹುಡುಗನು ಏನನ್ನೂ ಹೇಳಲಿಲ್ಲ. ಅವನು ಮತ್ತೆ ನಮ್ಮ ಪುಸ್ತಕಭಂಡಾರದ ಮೆಟ್ಟಿಲು ಹತ್ತಲು ಹದಿನೈದು ದಿನ ಹಿಡಿಯಿತು. ಬಂದವನು ಅದೇ ಕಥೆಯ ಪುಸ್ತಕವನ್ನು ಕೇಳಿದನು. ಅವನ ಲೆಕ್ಕದಲ್ಲಿ ಅದೊಂದನ್ನೇ ಬರೆದು, ತೆರೆಯನ್ನು ಅವನ ಕಡೆಗೆ ತಿರುಗಿಸಿ ತೋರಿಸಿ, ಪುಸ್ತಕವನ್ನು ಅವನ ಕೈಗಿತ್ತೆನು.