ಡೋವರ್ ದಡದ ಮಾಯಗಾತಿ ಹೂವು

ಕಳೆದ ಮೇ ತಿಂಗಳ ಮೊದಲ ಸೋಮವಾರದ ರಜೆಗೆ ನಾನೂ ನನ್ನಾಕೆಯೂ ಡೋವರ್ ಬಳಿಯ 'ಸ್ಯಾಂಫೈರ್ ಹೋ' ನೋಡಲು ಹೊರಟೆವು. ಎ20 ಹೆದ್ದಾರಿಯಿಂದ ಇಳಿದು, ಸುಣ್ಣದ ಬೆಟ್ಟ ಕೊರೆದ ಸುರಂಗ ದಾಟಿದರೆ ಥಟ್ಟನೆ ಸಮುದ್ರ! ಹಿಂದೆ ಬಿಳಿಯ ಬಂಡೆಗೋಡೆ, ಕಾಲಡಿಯಲ್ಲಿ ಹಸಿರು ಹುಲ್ಲು. ವಿಚಿತ್ರವೆಂದರೆ ಈ ನೆಲ ಮನುಷ್ಯ ಮಾಡಿದ್ದು. ಫ್ರಾನ್ಸಿಗೆ ರೈಲು ಸುರಂಗ ತೋಡಿದಾಗ ಸಿಕ್ಕ 49 ಲಕ್ಷ ಘನ ಮೀಟರ್ ಸುಣ್ಣಮಣ್ಣನ್ನು ಇಲ್ಲಿ ಸುರಿದು, 1997ರಲ್ಲಿ ಜನರಿಗೆ ತೆರೆದರು.

ಈ ಹೊಸ ಮಣ್ಣಿಗೆ ತಾನಾಗಿಯೇ ಬಂದು ನೆಲೆಸಿದ ಅತಿಥಿಯೇ ಜೇಡ ಆರ್ಕಿಡ್. ಇಂಗ್ಲೆಂಡಿನ ದಕ್ಷಿಣದಂಚಿನಲ್ಲಿ ಮಾತ್ರ ಸಿಗುವ ಅಪರೂಪದ ಗಿಡ. ಗೇಣುದ್ದವೂ ಇಲ್ಲ, ಕಂದು ಮಖಮಲ್ಲಿನಂಥ ಹೂವು. "ಇದೇನ್ರೀ, ಇದಕ್ಕಾ ಇಷ್ಟು ದೂರ ಬಂದದ್ದು? ನಮ್ಮ ಮಲೆನಾಡಿನ ಸೀತಾಳೆ ದಂಡೆ ಮುಂದೆ ಇದು ಯಾವ ಲೆಕ್ಕ?" ಎಂದಳು ನನ್ನಾಕೆ.

ಅಂದಕ್ಕಿಂತ ಇದರ ಚಾಲಾಕಿತನ ದೊಡ್ಡದು. ಈ ಹೂವಿನಲ್ಲಿ ಮಕರಂದದ ಹನಿಯೂ ಇಲ್ಲ. ನೆಲದಲ್ಲಿ ಬಿಲ ತೋಡಿ ಒಂಟಿಯಾಗಿ ಬಾಳುವ ಒಂದು ಜಾತಿಯ ಜೇನ್ನೊಣವಿದೆ. ಅದರ ಹೆಣ್ಣಿನ ವಾಸನೆಯನ್ನೇ ಹೂವು ಸೂಸುತ್ತದೆ. ಗಂಡು ಮೋಸಹೋಗಿ ಹೂವನ್ನೇ ಕೂಡಲು ಬರುತ್ತದೆ, ತಲೆಗೆ ಪರಾಗದ ಗಂಟು ಅಂಟಿಸಿಕೊಂಡು ಇನ್ನೊಂದು ಹೂವಿಗೆ ಹಾರುತ್ತದೆ. ವಸಂತದಲ್ಲಿ ಗಂಡುಗಳು ಮೊದಲು, ಹೆಣ್ಣುಗಳು ಆಮೇಲೆ ಹೊರಬರುತ್ತವೆ. ನಡುವಿನ ಆ ಕೆಲವು ದಿನಗಳೇ ಹೂವಿನ ಸುಗ್ಗಿ.

ಈ ಲೆಕ್ಕಾಚಾರ ಈಗ ತಪ್ಪುತ್ತಿದೆ. ಲಂಡನ್ನಿನ ಕ್ಯೂ ಉದ್ಯಾನ ಮತ್ತು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗಳಲ್ಲಿ 1848ರಿಂದ ಒಣಗಿಸಿಟ್ಟ ಈ ಗಿಡಗಳಿವೆ. ಹಾಳೆಗಳ ಮೇಲೆ ಊರು, ತಾರೀಕು ಬರೆದಿದೆ. ಇವನ್ನೂ ಹಳೆಯ ನೊಣಗಳ ಸಂಗ್ರಹವನ್ನೂ ತಾಳೆನೋಡಿದ ವಿಜ್ಞಾನಿಗಳು 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ವಸಂತದ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಹೂವು ಸುಮಾರು 6 ದಿನ ಬೇಗ ಅರಳುತ್ತದೆ. ಗಂಡು ನೊಣ 9 ದಿನ, ಹೆಣ್ಣು 15 ದಿನ ಬೇಗ ಬರುತ್ತವೆ. ಹೂವು ಅರಳುವ ಹೊತ್ತಿಗೆ ನಿಜವಾದ ಹೆಣ್ಣೇ ಹಾಜರು! ಅಸಲಿ ಸಿಕ್ಕ ಮೇಲೆ ನಕಲಿ ಯಾರಿಗೆ ಬೇಕು? ಈ ಗಿಡಕ್ಕೆ ಆಯುಸ್ಸು ಕಡಿಮೆ. ಬೀಜ ಕಟ್ಟದಿದ್ದರೆ ಕೆಲವೇ ವರ್ಷಗಳಲ್ಲಿ ವಂಶ ಕ್ಷೀಣಿಸುತ್ತದೆ.

ವೈದ್ಯನಾದ ನನಗೆ ಆ ಹಾಳೆಗಳು ಹಳೆಯ ಕೇಸ್ ಶೀಟುಗಳಂತೆ ಕಂಡವು. ತಾರೀಕು ಬರೆದಿಟ್ಟವರಿಗೆ ಈ ಕಾಯಿಲೆಯ ಸುಳಿವೇ ಇರಲಿಲ್ಲ. ಆದರೂ ಅವರ ಶಿಸ್ತಿನಿಂದಲೇ ಇಂದು ರೋಗನಿದಾನ ಸಾಧ್ಯವಾಯಿತು.

ಹೂವಿನ ಪಕ್ಕ ಅರ್ಧ ಗಂಟೆ ಕುಳಿತೆವು. ಒಂದು ನೊಣವೂ ಬರಲಿಲ್ಲ. ಅರ್ಧ ಗಂಟೆ ನೋಡಿ ತೀರ್ಪು ಕೊಡುವುದು ವೈದ್ಯನಿಗೆ ತರವಲ್ಲ, ಒಪ್ಪುತ್ತೇನೆ. ಎದ್ದು ಹೊರಡುವಾಗ ನನ್ನಾಕೆ ಮಾತ್ರ ಹಿಂತಿರುಗಿ ನೋಡಿ, "ಪಾಪ, ಇಷ್ಟು ಸಿಂಗಾರ ಮಾಡಿಕೊಂಡು ಕಾಯ್ತಾ ಇದೆಯಲ್ರೀ" ಎಂದಳು.

ಡೋವರ್ ಕಡೆ ಹೋದರೆ ನೀವೂ ಒಮ್ಮೆ ನೋಡಿ ಬನ್ನಿ. ದಾರಿ ಬಿಟ್ಟು ಹುಲ್ಲು ತುಳಿಯಬೇಡಿ. ನೋಡಿದ ದಿನದ ತಾರೀಕನ್ನು ಮಾತ್ರ ಮರೆಯದೆ ಬರೆದಿಡಿ.