ತಾತನವರ ಕ್ಷೌರದ ಕತ್ತಿ

ನಮ್ಮ ತೀರ್ಥರೂಪರು ದೈವಾಧೀನರಾದ ಮೇಲೆ ಮನೆಯ ಪದಾರ್ಥಗಳು ಹಂಚಿಕೆಯಾದುವು. ಅಣ್ಣನವರಿಗೆ ತೋಟ, ತಂಗಿಗೆ ತಾಮ್ರದ ಪಾತ್ರೆಗಳು, ನಮಗೆ ತುಮಕೂರು ಸೀಮೆಯ ಈ ಹಳೆಯ ಮನೆಯೂ ಗ್ರಂಥಗಳ ಪೆಟ್ಟಿಗೆಯೂ ಬಂದುವು. ಮೂವತ್ತನಾಲ್ಕು ವರ್ಷ ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತನಾದ ಸಂಸ್ಕೃತದ ಉಪಾಧ್ಯಾಯನಿಗೆ ಇದಕ್ಕಿಂತ ಹೆಚ್ಚಿನದು ಏತಕ್ಕೆ? ಪೆಟ್ಟಿಗೆಯನ್ನು ಬಿಸಿಲಿಗಿಡುವಾಗ ಅದರ ತಳದಲ್ಲಿ, ಮಡಿಪಟ್ಟೆಯ ಹರಕಿನಲ್ಲಿ ಸುತ್ತಿದ್ದ ಎರಡು ಕ್ಷೌರದ ಕತ್ತಿಗಳು ಕಂಡುವು.

ಅವು ನಮ್ಮ ತಾತನವರ ಕಾಲದವು. ತೀರ್ಥರೂಪರು ಎಂದೂ ಅವನ್ನು ಮುಟ್ಟಿದವರಲ್ಲ. ಅಮೆರಿಕದ ಗಿಲೆಟ್ ಎಂಬಾತನು 1904ರಲ್ಲಿ ಹಕ್ಕುಪತ್ರ ಪಡೆದ, ತೆಳುವಾದ ಬ್ಲೇಡನ್ನು ಹಾಕಿ ತೆಗೆಯುವ ಸಾಧನವು ನಮ್ಮ ದೇಶಕ್ಕೂ ಬಂದು ಮನೆಮನೆಯನ್ನೂ ಸೇರಿತಷ್ಟೆ. ಅವರದು ಅದೇ ಆಗಿದ್ದಿತು. ನಮ್ಮದೂ ಅದೇ. ಕತ್ತಿಗಳ ಪೈಕಿ ಒಂದರ ಮೇಲೆ ಜರ್ಮನಿಯ ಸೋಲಿಂಗೆನ್ ಪಟ್ಟಣದ ಮುದ್ರೆ, ಇನ್ನೊಂದರ ಮೇಲೆ ಇಂಗ್ಲೆಂಡಿನ ಷೆಫೀಲ್ಡಿನ ಮುದ್ರೆ. ಎರಡಕ್ಕೂ ಕೊಂಬಿನ ಹಿಡಿ. ಎರಡಕ್ಕೂ ಕೆಂಪು ತುಕ್ಕು.

ನಮಗೆ ಎಲ್ಲಿಲ್ಲದ ಉತ್ಸಾಹವುಂಟಾಯಿತು. ಕ್ಷುರದಿಂದ ಆಗುವುದು ಕ್ಷೌರ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ! ಶ್ರೇಯಸ್ಸಿನ ಮಾರ್ಗವನ್ನು ಕಠೋಪನಿಷತ್ತು ಕ್ಷುರದ ಅಲಗಿಗೆ ಹೋಲಿಸಿರುವುದನ್ನು ಎಷ್ಟು ಸಲ ವಿವರಿಸಿಲ್ಲ! ಆದರೆ ನಿಜವಾದ ಕ್ಷುರದ ಬಾಯಿ ಹೇಗಿರುವುದೆಂಬುದನ್ನು ನಾವು ಕಂಡವರಲ್ಲ. ಅದೂ ಅಲ್ಲದೆ ಷೆಫೀಲ್ಡ್ ಕತ್ತಿಯಲ್ಲಿ ಒಂದು ವಿಶೇಷವಿದ್ದಿತು. ಕಲ್ಲಿನ ಮೇಲೆ ಮಸೆದು ಮಸೆದು ಅದರ ಬೆನ್ನು ಸವೆದಿದ್ದಿತು. ಆ ಸವೆತವು ಹಿಡಿಯ ಕಡೆ ಕಿರಿದಾಗಿಯೂ ತುದಿಯ ಕಡೆ ಅಗಲವಾಗಿಯೂ ಓರೆಯಾಗಿ ಸಾಗಿದ್ದಿತು. ಇದು ತಾತನವರ ಕೈಯ ಗುರುತೆಂದು ನಾವು ಕೂಡಲೆ ನಿಶ್ಚಯಿಸಿಬಿಟ್ಟೆವು. ನಮಗೆ ಏಳು ವರ್ಷವಾಗುವ ಮೊದಲೇ ತೀರಿಕೊಂಡ ಹಿರಿಯರ ಹಸ್ತಾಕ್ಷರವೇ ದೊರಕಿದಂತಾಯಿತು. ಕತ್ತಿಯನ್ನು ಹದಕ್ಕೆ ತಂದು, ನಿತ್ಯವೂ ಅದರಿಂದಲೇ ಮುಖಕ್ಷೌರ ಮಾಡಿಕೊಳ್ಳಬೇಕೆಂದು ಸಂಕಲ್ಪಿಸಿದೆವು.

ವಿದ್ಯೆಯಿಲ್ಲದ ಉತ್ಸಾಹದ ಫಲವನ್ನು ಸೋಲಿಂಗೆನ್ ಕತ್ತಿ ಉಂಡಿತು. ಪರಿಚಿತರೊಬ್ಬರ ಕಾರ್ಖಾನೆಯಲ್ಲಿದ್ದ ವಿದ್ಯುತ್ತಿನ ಸಾಣೆಚಕ್ರಕ್ಕೆ ಅದನ್ನು ನಾವೇ ಒಡ್ಡಿದೆವು. ಕಿಡಿಗಳು ಹಾರಿದುವು; ತುಕ್ಕೇನೋ ಹೋಯಿತು; ಬಾಯಿಯ ಉದ್ದಕ್ಕೂ ನವಿಲಿನ ಕೊರಳಿನಂತಹ ನೀಲಿಯ ಬಣ್ಣ ಮೂಡಿತು. ಅದನ್ನು ಶೋಭೆಯೆಂದೇ ಎಣಿಸಿ ಮನೆಗೆ ತಂದೆವು. ಉಕ್ಕು 300 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಕಾದರೆ ಹೀಗೆ ನೀಲಿಯಾಗುವುದೆಂದೂ, ಕ್ಷೌರದ ಕತ್ತಿಗೆ ಬೇಕಾದ ಗಡಸು ಅಷ್ಟರಲ್ಲಿ ಇಳಿದುಹೋಗುವುದೆಂದೂ ಆಮೇಲೆ ತಿಳಿಯಿತು. ಎಷ್ಟು ಮಸೆದರೂ ಅದರ ಮೊನಚು ನಾಲ್ಕು ಕೂದಲಿಗೆ ನಿಲ್ಲಲಿಲ್ಲ.

ಇನ್ನೊಂದನ್ನು ಕಳೆದುಕೊಳ್ಳಲು ಧೈರ್ಯ ಸಾಲದೆ, ಬಸ್ ನಿಲ್ದಾಣದ ಬಳಿಯ ಕ್ಷೌರದಂಗಡಿಗೆ ಹೋದೆವು. ಅಂಗಡಿಯನ್ನು ನಡೆಸುವವನು ತರುಣ. ಅವನು ಒಬ್ಬೊಬ್ಬರಿಗೂ ಹೊಸ ಬ್ಲೇಡಿನ ಅರ್ಧವನ್ನು ಸಿಕ್ಕಿಸಿ, ಕೆಲಸವಾದ ಕೂಡಲೆ ಎಸೆದುಬಿಡುವನು. ರೋಗ ಹರಡಬಾರದೆಂಬ ಎಚ್ಚರಿಕೆಗೆ ಅದೇ ಸರಿ. ಮೂಲೆಯ ಬೆಂಚಿನ ಮೇಲೆ ಅವನ ತಂದೆ ಕುಳಿತಿದ್ದರು. ಎಪ್ಪತ್ತೈದು ದಾಟಿದ ವೃದ್ಧರು. ಅವರ ತಂದೆಯವರೇ ನಮ್ಮ ಮನೆತನದ ಕ್ಷೌರಿಕರಾಗಿದ್ದವರು. ಊರಿನ ಹನ್ನೆರಡು ಮಂದಿ ಆಯಗಾರರಲ್ಲಿ ಅವರೂ ಒಬ್ಬರು. ಸುಗ್ಗಿಯಲ್ಲಿ ಕಣದ ಬಳಿ ರಾಗಿಯ ಆಯ ಪಡೆಯುತ್ತಿದ್ದರು. ತಿಥಿವಾರ ನೋಡಿ ಹೇಳಿಕಳುಹಿಸಿದಾಗ ಹಿತ್ತಲ ಬಾಗಿಲಿನಿಂದ ಬಂದು, ಬಾವಿಯ ಮಗ್ಗುಲಲ್ಲಿ ಕೆಲಸ ಮುಗಿಸಿ, ಹಿತ್ತಲಿನಿಂದಲೇ ಹಿಂದಿರುಗುತ್ತಿದ್ದರೆಂದು ನಮ್ಮ ಅಜ್ಜಿ ಹೇಳುತ್ತಿದ್ದುದುಂಟು.

ವೃದ್ಧರು ನೀಲಿಯ ಕತ್ತಿಯನ್ನು ಬೆಳಕಿಗೆ ಹಿಡಿದರು.

“ಇದನ್ನ ಯಾರು ಸುಟ್ಟೋರು, ಮೇಷ್ಟ್ರೇ?”

“ನಾವೇ, ಯಜಮಾನರೇ.”

“ಇದರ ಜೀವ ಹೋಗಿದೆ. ಕಾಗದ ಕೊಯ್ಯಕ್ಕೆ ಇಟ್ಕಳಿ. ಇದೊಂದು ಉಳಿದದೆ; ನಾಳೆಯಿಂದ ಬನ್ನಿ.”

ಹೀಗೆ ಅರವತ್ತನೆಯ ವಯಸ್ಸಿನಲ್ಲಿ ನಮಗೆ ಪುನಃ ವಿದ್ಯಾರ್ಥಿದಶೆ ಪ್ರಾಪ್ತವಾಯಿತು. ಮೊದಲು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ನಯವಾದ ಎಮರಿ ಕಾಗದವನ್ನು ತೋಯಿಸಿ, ಬೆನ್ನಿನಿಂದ ಬಾಯಿಯ ಕಡೆಗೆ ಬೆರಳು ಜಾರದಂತೆ ಅಲಗಿನ ಉದ್ದಕ್ಕೆ ತಿಕ್ಕಿ ತುಕ್ಕನ್ನು ತೆಗೆದುದಾಯಿತು. ತುಕ್ಕು ಕೊರೆದ ಕುಳಿಗಳನ್ನೆಲ್ಲ ನೀಗಿಸಬೇಕೆಂಬ ಹಟ ಬೇಡ, ಬಾಯಿಯಲ್ಲಿ ಕುಳಿಯಿಲ್ಲದಿದ್ದರೆ ಸಾಕು ಎಂದರು. ಆಮೇಲೆ ಮಸೆಗಲ್ಲು. ಕತ್ತಿಯ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲನ್ನು ಮುಟ್ಟುವಂತೆ ಅಡ್ಡಲಾಗಿ ಮಲಗಿಸಿ, ಬಾಯಿ ಮುಂದಾಗಿ ನೂಕಬೇಕು. ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ಹಿಂದಕ್ಕೆ ತರಬೇಕು. ಬೆನ್ನಿನ ದಪ್ಪವೇ ಓರೆಯ ಅಳತೆಯನ್ನು ಕಾಪಾಡುವುದು. ಇದನ್ನು ರೂಪಿಸಿದವನ ಬುದ್ಧಿ ಎಂಥದು! ಚರ್ಮದ ಪಟ್ಟಿಯ ಮೇಲಾದರೋ ಇದರ ವಿಪರ್ಯಯ: ಬೆನ್ನು ಮುಂದು, ಬಾಯಿ ಹಿಂದು. ತಪ್ಪಿದರೆ ಚರ್ಮವೂ ಹೋಯಿತು, ಮೊನಚೂ ಹೋಯಿತು. ನಾವು ಬಲ ಹಾಕಿದಾಗಲೆಲ್ಲ ಅವರು ಮೊಣಕೈಯನ್ನು ಮೆಲ್ಲಗೆ ತಟ್ಟುವರು.

“ಒತ್ತಬೇಡಿ, ಮೇಷ್ಟ್ರೇ. ಕಲ್ಲೂ ಕತ್ತೀನೂ ಮಾತಾಡ್ಕಳ್ಳಲಿ, ನೀವು ಸುಮ್ಕಿರಿ.”

ಆ ಮಾತು ಕೇಳಿಸಲು ಮೂರು ವಾರ ಹಿಡಿಯಿತು. ಮೊದಲು ಕರಕರ ಎನ್ನುತ್ತಿದ್ದುದು ಕ್ರಮೇಣ ರೇಷ್ಮೆಯನ್ನು ಎಳೆದಂತೆ ನಯವಾಯಿತು. ಹಾಗೆ ಮಸೆಯುತ್ತ ಕುಳಿತಾಗ ನಾವು ಪುಸ್ತಕದಲ್ಲಿ ಓದಿದ್ದೊಂದನ್ನು ಅವರಿಗೆ ಹೇಳಿದೆವು. 1795ರಲ್ಲಿ ಲಂಡನ್ನಿನ ವಿದ್ವಾಂಸರು ಪರೀಕ್ಷಿಸಿ ಬೆರಗಾದ ‘ವೂಟ್ಸ್’ ಎಂಬ ಭಾರತದ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿದ್ದೆಂದು ಅನೇಕ ಪಂಡಿತರ ಮತ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಎಂಬ ಪ್ರವಾಸಿಯು ಇಲ್ಲಿಯ ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಫ್ಯಾರಡೆಯಂಥ ವಿಜ್ಞಾನಿಯೂ ಸ್ಟೊಡಾರ್ಟ್ ಎಂಬ ಕತ್ತಿಯ ಕೆಲಸದವನೊಡನೆ ಸೇರಿ ಈ ಉಕ್ಕಿನ ಮರ್ಮವನ್ನು ಹುಡುಕಿದನು. ಯಜಮಾನರು ಎಲ್ಲವನ್ನೂ ಕೇಳಿ, “ಹೆಸರು ನಮ್ಮದು, ಕತ್ತಿ ಮಾತ್ರ ಅವರದಾ?” ಎಂದು ನಕ್ಕರು.

ಕೆಲಸ ಮುಗಿಯುತ್ತ ಬಂದಾಗ ನಾವು ಬೆನ್ನಿನ ಓರೆ ಸವೆತವನ್ನು ತೋರಿಸಿ, “ಇದು ನಮ್ಮ ತಾತನವರ ಕೈ ಗುರುತು. ಇದನ್ನು ಅಳಿಸದಂತೆ ಮಸೆಯುವುದು ಹೇಗೆ?” ಎಂದು ಕೇಳಿದೆವು. ಅವರು ಕನ್ನಡಕವನ್ನು ಏರಿಸಿ ಬಹಳ ಹೊತ್ತು ನೋಡಿದರು. ಏನೂ ಹೇಳದೆ ಒಳಗೆ ಹೋಗಿ ಹಳೆಯ ಚರ್ಮದ ಹಡಪವನ್ನು ತಂದು ಬಿಚ್ಚಿದರು. ಅದರಲ್ಲಿ ಮೂರು ಕತ್ತಿಗಳಿದ್ದುವು. ಮೂರರ ಬೆನ್ನಿನಲ್ಲೂ ಅದೇ ಸವೆತ. ಹಿಡಿಯ ಕಡೆ ಕಿರಿದು, ತುದಿಯ ಕಡೆ ಅಗಲ.

“ನಮ್ಮಪ್ಪನ ಬಲಗೈ ಹೆಬ್ಬೆರಳು ಸೊಟ್ಟಗಿತ್ತು, ಮೇಷ್ಟ್ರೇ. ಭಾರ ತುದೀಗೇ ಬೀಳೋದು. ನಿಮ್ಮ ಮನೇಲಿ ಬ್ಯಾರೆಯವರಿಗೆ ಹಾಕಿದ ಕತ್ತಿ ಆಗ್ತಿರಲಿಲ್ಲ; ನಿಮ್ಮ ತಾತನೋರು ತಮಗೇ ಅಂತ ಎರಡು ತರಿಸಿ ಕೊಟ್ಟಿದ್ರು. ಮಸೆಯೋದು, ಹಾಕೋದು ಎಲ್ಲಾ ನಮ್ಮಪ್ಪನೇ. ನಿಮ್ಮ ತಾತನೋರು ಕತ್ತಿ ಹಿಡಿದೋರಲ್ಲ.”

ಅವರ ದನಿಯಲ್ಲಿ ಕಹಿಯಿರಲಿಲ್ಲ. ಅದರಿಂದಲೇ ನಮಗೆ ಉತ್ತರ ಹೊಳೆಯಲಿಲ್ಲ. ಎಷ್ಟೋ ದಿನಗಳಿಂದ ಪಿತಾಮಹರ ಹಸ್ತವೆಂದು ಬೆರಳಿನಿಂದ ಸವರುತ್ತಿದ್ದುದು, ನಮ್ಮ ಮನೆಯ ಜಗಲಿಯ ಮೇಲೆ ಒಂದು ದಿನವೂ ಕೂರದ ಮನುಷ್ಯನ ಹಸ್ತವಾಗಿದ್ದಿತು. ಕತ್ತಿಗೆ ಹಣ ಕೊಟ್ಟವರು ನಮ್ಮವರು. ಅದಕ್ಕೆ ಬಾಯಿ ಕೊಟ್ಟವರು ಅವರು. ಮಸೆಯುವ ವಿದ್ಯೆ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕುವಂಥದಲ್ಲ. ಅದು ಅವರ ಮಗನ ಕೈಯಲ್ಲಿ ಉಳಿದಿದ್ದಿತು. ಅದನ್ನು ಬೇಡಲು ನಾವೇ ಅವರ ಬೆಂಚಿಗೆ ಬರಬೇಕಾಯಿತು.

“ಹಾಗಾದರೆ ಇದು ನಿಮಗೆ ಸೇರಬೇಕಾದ್ದು” ಎಂದು ಕತ್ತಿಯನ್ನು ಮುಂದಿಟ್ಟೆವು. ಅವರು ಅದನ್ನು ಮಡಿಸಿ ನಮ್ಮ ಕೈಯಲ್ಲಿಟ್ಟರು. “ನಂಗೆ ಮೂರವೆ. ಹಾಕ್ಕಳೋರ ಹತ್ರ ಇರಲಿ. ಮೊಂಡಾದಾಗ ತನ್ನಿ.”

ಮರುವಾರ ಅವರನ್ನು ಊಟಕ್ಕೆ ಕರೆದೆವು. ಬೀದಿಯ ಬಾಗಿಲ ಮುಂದೆ ಬಂದವರು ಒಂದು ಗಳಿಗೆ ನಿಂತು ಹಿತ್ತಲಿನ ದಾರಿಯ ಕಡೆ ನೋಡಿದರು. ನಮ್ಮ ಮನೆಯವರು ಹೊಸ್ತಿಲವರೆಗೆ ಬಂದು, “ಒಳಗೆ ಬನ್ನಿ, ಎಲೆ ಹಾಕಿದೆ” ಎಂದರು. ಅವರು ಜಗಲಿಯನ್ನು ಹತ್ತಿ ಒಳಗೆ ಬಂದರು. ಅಷ್ಟು ಚಿಕ್ಕ ದೂರಕ್ಕೆ ನಮ್ಮ ಮನೆ ಎರಡು ತಲೆಮಾರುಗಳನ್ನು ತೆಗೆದುಕೊಂಡಿತೆಂಬ ನಾಚಿಕೆ ಊಟದುದ್ದಕ್ಕೂ ನಮ್ಮನ್ನು ಬಿಡಲಿಲ್ಲ.

ಈಗ ಪ್ರಾತಃಕಾಲದಲ್ಲಿ ಬಿಸಿನೀರಿನಿಂದ ಮುಖ ತೋಯಿಸಿ, ಚರ್ಮದ ಪಟ್ಟಿಯ ಮೇಲೆ ಕತ್ತಿಯನ್ನು ನಲವತ್ತು ಬಾರಿ ಎಳೆದು, ನೊರೆ ಹಚ್ಚಿ, ಬೆನ್ನನ್ನು ಕೆನ್ನೆಯಿಂದ ತುಸುವೇ ಎತ್ತಿ ಹಿಡಿಯುತ್ತೇವೆ. ಒತ್ತುವುದಿಲ್ಲ. ಕೆಲಸವಾದ ಮೇಲೆ ನೀರಿನ ಪಸೆ ಆರುವಂತೆ ಒರಸಿ, ಒಂದು ತೊಟ್ಟು ಎಣ್ಣೆ ಸವರಿ ಇಡುತ್ತೇವೆ. ಮೊದಲ ತಿಂಗಳಲ್ಲಿ ಗದ್ದದ ಮೇಲೆ ಆದ ಎರಡು ಗಾಯಗಳ ಕಲೆ ಈಗಲೂ ಇದೆ. ನೀಲಿಯ ಕತ್ತಿ ಮೇಜಿನ ಮೇಲೆ ಕಾಗದ ಕೊಯ್ಯುತ್ತಿದೆ.

ಮೊನ್ನೆ ರಜಕ್ಕೆ ಬಂದಿದ್ದ ಮೊಮ್ಮಗನು ಬೆನ್ನಿನ ಓರೆಯನ್ನು ನೋಡಿ, “ತಾತ, ಇದು ಯಾರ ಕತ್ತಿ?” ಎಂದು ಕೇಳಿದನು. “ಇಬ್ಬರದು, ಮಗು” ಎಂದೆವು. ಆ ಇಬ್ಬರೂ ಯಾರೆಂಬ ಕಥೆಯನ್ನು ಅವನಿಗೆ ಹೇಳುವಾಗ ಬಾವಿಯ ಮಗ್ಗುಲಿನ ಹಿತ್ತಲ ಬಾಗಿಲನ್ನು ನಾವು ಬಿಡಲಿಲ್ಲ.